ಆರು ಸ್ಟೇಷನ್, ಒಬ್ಬನೇ ಯಜಮಾನ

ನಮಸ್ಕಾರ ಕೇಳುಗರೇ.

ಇವತ್ತು ಒಂದು ರಾತ್ರಿಯ ಕಥೆಯಿಂದ ಶುರು ಮಾಡುತ್ತೇನೆ. 2002ರ ಜನವರಿ 18. ಅಮೆರಿಕದ ಉತ್ತರ ಡಕೋಟ ರಾಜ್ಯದಲ್ಲಿ, ಕೆನಡಾ ಗಡಿಗೆ ಹತ್ತಿರದಲ್ಲಿ, ಮೈನಾಟ್ ಅಂತ ಒಂದು ಊರು. ಜನವರಿಯಲ್ಲಿ ಅಲ್ಲಿ ಕೊರೆಯುವ ಚಳಿ. ರಾತ್ರಿ ಒಂದೂವರೆ ದಾಟಿತ್ತು. ಊರಂಚಿನಲ್ಲಿ ಒಂದು ಗೂಡ್ಸ್ ರೈಲು ಹಳಿ ತಪ್ಪಿತು. ಅದರ ಕೆಲವು ಟ್ಯಾಂಕರ್‌ಗಳಲ್ಲಿ ಇದ್ದದ್ದು ಹೊಲಕ್ಕೆ ಗೊಬ್ಬರವಾಗಿ ಕೊಡುವ ಅಮೋನಿಯಾ. ಟ್ಯಾಂಕರ್ ಒಡೆದು ಅನಿಲ ಬಿಳಿ ಮೋಡದ ಹಾಗೆ ಮನೆಗಳ ಮೇಲೆ ಕವಿಯಿತು. ಕರೆಂಟ್ ಹೋಯಿತು. ಕಣ್ಣು ಉರಿಯುತ್ತಿದೆ, ಉಸಿರು ಕಟ್ಟುತ್ತಿದೆ. ಕಿಟಕಿ ಮುಚ್ಚಿಕೊಂಡು ಒಳಗೇ ಕೂರಬೇಕೋ, ಕಾರು ಹತ್ತಿ ಓಡಬೇಕೋ? ಜನ ರೇಡಿಯೋ ಹಾಕಿದರು.

ರೇಡಿಯೋದಲ್ಲಿ ಎಂದಿನ ಹಾಗೆ ಹಾಡು ಬರುತ್ತಿತ್ತು.

ಆ ಊರಲ್ಲಿ ಜಾಹೀರಾತಿನ ಮೇಲೆ ನಡೆಯುವ ಸ್ಟೇಷನ್‌ಗಳು ಆರು. ಆರಕ್ಕೂ ಒಬ್ಬನೇ ಯಜಮಾನ, ದೂರದ ಟೆಕ್ಸಾಸ್‌ನ ಕ್ಲಿಯರ್ ಚಾನೆಲ್ ಅನ್ನುವ ಕಂಪನಿ. ಕಾರ್ಯಕ್ರಮಗಳಲ್ಲಿ ಬಹುಪಾಲು ಬೇರೆಲ್ಲಿಂದಲೋ ಬರುತ್ತಿತ್ತು. ಪೊಲೀಸರು ಸ್ಟೇಷನ್‌ಗೆ ಫೋನ್ ಮಾಡಿದರು, ಮತ್ತೆ ಮಾಡಿದರು, ಯಾರೂ ಎತ್ತಲಿಲ್ಲ. ಕಂಪನಿಯವರು ಆಮೇಲೆ ಹೇಳಿದ್ದು ಬೇರೆ. ನಮ್ಮ ಕಡೆ ತಪ್ಪಿಲ್ಲ, ತುರ್ತು ಎಚ್ಚರಿಕೆ ಕೊಡುವ ಯಂತ್ರವನ್ನು ಪೊಲೀಸರೇ ಸರಿಯಾಗಿ ಬಳಸಲಿಲ್ಲ ಅಂದರು. ಅದರಲ್ಲೂ ಸ್ವಲ್ಪ ಸತ್ಯ ಇರಬಹುದು, ನಾನು ಇಲ್ಲಿ ಕೂತು ತೀರ್ಪು ಕೊಡುವುದಿಲ್ಲ. ಒಬ್ಬರು ಸತ್ತರು, ನೂರಾರು ಜನ ಆಸ್ಪತ್ರೆಗೆ ಹೋದರು. ಆರು ಸ್ಟೇಷನ್ ಇದ್ದ ಊರಲ್ಲಿ, ಎದ್ದು ಬಂದು ಮೈಕ್ ಹಿಡಿದು "ಅಣ್ಣಾ, ಮನೆಯಿಂದ ಹೊರಗೆ ಬರಬೇಡಿ" ಅನ್ನೋಕೆ ಹೊತ್ತಿಗೆ ಸರಿಯಾಗಿ ಒಂದು ದನಿ ಸಿಗಲಿಲ್ಲ. ನನ್ನನ್ನು ಕಾಡುವುದು ಅದು.

ಆರೂ ಒಬ್ಬನ ಕೈಗೆ ಹೋಗಿದ್ದು ಹೇಗೆ? ಮೊದಲು ಅಲ್ಲಿ ಒಂದು ಮಿತಿ ಇತ್ತು. ಇಡೀ ದೇಶದಲ್ಲಿ ಒಂದು ಕಂಪನಿ ಸುಮಾರು 40 ರೇಡಿಯೋ ಸ್ಟೇಷನ್‌ಗಿಂತ ಜಾಸ್ತಿ ಇಟ್ಟುಕೊಳ್ಳುವ ಹಾಗಿರಲಿಲ್ಲ. 1996ರ ಫೆಬ್ರವರಿಯಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಟೆಲಿಕಮ್ಯುನಿಕೇಷನ್ ಕಾಯ್ದೆಗೆ ಸಹಿ ಹಾಕಿದರು, ಆ ಮಿತಿ ಹೋಯಿತು. ಕೆಲವೇ ವರ್ಷಗಳಲ್ಲಿ ಕ್ಲಿಯರ್ ಚಾನೆಲ್ ಬಳಿ 1,200ಕ್ಕಿಂತ ಜಾಸ್ತಿ ಸ್ಟೇಷನ್ ಇದ್ದವು. ಈಗ ಈ ಕಾಯ್ದೆಯನ್ನು ತಂದವರು ಯಾರು, ಎಡದವರೋ ಬಲದವರೋ ಅಂತ ಕೇಳಬೇಡಿ. ಮೇಲ್ಮನೆ ಸೆನೆಟ್‌ನಲ್ಲಿ ಪರವಾಗಿ 91 ಓಟು, ವಿರುದ್ಧ 5. ಕೆಳಮನೆಯಲ್ಲಿ 414ಕ್ಕೆ 16. ಎರಡೂ ಪಕ್ಷದವರು ಹೆಗಲಿಗೆ ಹೆಗಲು ಕೊಟ್ಟು ತಂದ ಕಾಯ್ದೆ ಅದು.

ಇಲ್ಲಿ ಸಂವಿಧಾನದ ಮಾತು ಬರುತ್ತದೆ. ಅಮೆರಿಕದ ಮೊದಲ ತಿದ್ದುಪಡಿ, 1791ರದ್ದು. ಮಾತಿನ ಸ್ವಾತಂತ್ರ್ಯವನ್ನಾಗಲಿ ಪತ್ರಿಕೆಯ ಸ್ವಾತಂತ್ರ್ಯವನ್ನಾಗಲಿ ಮೊಟಕು ಮಾಡುವ ಕಾನೂನನ್ನು ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಮಾಡಕೂಡದು ಅನ್ನುತ್ತದೆ. ಗಮನಿಸಿ, ಅದು ಕೈ ಕಟ್ಟುವುದು ಸರಕಾರದ್ದು. ಸ್ಟೇಷನ್ ಯಜಮಾನ ನಿಮ್ಮ ಮಾತನ್ನು ಹಾಕಲ್ಲ ಅಂದರೆ ಮೊದಲ ತಿದ್ದುಪಡಿ ನಿಮ್ಮ ನೆರವಿಗೆ ಬರುವುದಿಲ್ಲ. ಬದಲಿಗೆ ಯಜಮಾನನ ನೆರವಿಗೇ ಬರುತ್ತದೆ. ಪತ್ರಿಕೆ ವಿಷಯದಲ್ಲಿ 1974ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಾಖಂಡಿತವಾಗಿ ಹೇಳಿಬಿಟ್ಟಿತು. ನನ್ನನ್ನು ಟೀಕಿಸಿದ್ದೀರಿ, ನನ್ನ ಉತ್ತರವನ್ನೂ ಅಚ್ಚು ಹಾಕಿ ಅಂತ ಫ್ಲಾರಿಡಾದ ಒಬ್ಬ ಅಭ್ಯರ್ಥಿ ಮಯಾಮಿ ಹೆರಾಲ್ಡ್ ಮೇಲೆ ಕೇಸು ಹಾಕಿದ್ದರು. ಹಾಗೆ ಬಲವಂತ ಮಾಡಕ್ಕಾಗಲ್ಲ ಅಂದಿತು ಕೋರ್ಟ್.

ರೇಡಿಯೋ, ಟೀವಿ ಮಾತ್ರ ಬೇರೆ ಲೆಕ್ಕ. ಅಚ್ಚಿನ ಯಂತ್ರವನ್ನು ದುಡ್ಡಿದ್ದವರು ಯಾರು ಬೇಕಾದರೂ ಕೊಳ್ಳಬಹುದು, ಆದರೆ ಗಾಳಿಯಲ್ಲಿ ಜಾಗ ಕಮ್ಮಿ, ಇಬ್ಬರು ಒಂದೇ ತರಂಗದಲ್ಲಿ ಮಾತಾಡಿದರೆ ಇಬ್ಬರದ್ದೂ ಕೇಳಲ್ಲ. ಅದಕ್ಕೇ ಲೈಸೆನ್ಸ್. ಜನರ ಜಾಗವನ್ನು ಬಳಸುತ್ತೀಯ, ಜನರ ಹಿತ ನೋಡು ಅನ್ನುವ ಷರತ್ತು. ಅಲ್ಲಿನ ಸಂಪರ್ಕ ಆಯೋಗ, ಎಫ್‌ಸಿಸಿ, 1949ರಲ್ಲಿ ಒಂದು ನಿಯಮವನ್ನೂ ಮಾಡಿತು. ವಿವಾದದ ವಿಷಯಗಳನ್ನು ಮಾತಾಡಲೇಬೇಕು, ಮಾತಾಡಿದರೆ ಬೇರೆ ಬೇರೆ ಕಡೆಯವರಿಗೂ ಜಾಗ ಕೊಡಬೇಕು. ಫೇರ್‌ನೆಸ್ ಡಾಕ್ಟ್ರಿನ್ ಅಂತ ಅದರ ಹೆಸರು, ನಾವು ನ್ಯಾಯದ ನಿಯಮ ಅಂದುಕೊಳ್ಳೋಣ.

ಈ ನಿಯಮ ಕಾಗದದ ಮೇಲೆ ಮಾತ್ರ ಇತ್ತು ಅಂದುಕೊಳ್ಳಬೇಡಿ. ಮಿಸಿಸಿಪಿ ರಾಜ್ಯದ ಜ್ಯಾಕ್ಸನ್ ಊರಲ್ಲಿ ಡಬ್ಲ್ಯುಎಲ್‌ಬಿಟಿ ಅಂತ ಒಂದು ಟೀವಿ ಸ್ಟೇಷನ್ ಇತ್ತು. ಕಪ್ಪು ಜನ ಬೇಕಾದಷ್ಟು ಇರುವ ಊರು. ಆದರೆ ಪರದೆಯ ಮೇಲೆ ಕಪ್ಪು ನಾಯಕರು ಬಂದರೆ ಇದ್ದಕ್ಕಿದ್ದಂತೆ ಪ್ರಸಾರ ಕೆಡುತ್ತಿತ್ತು, ತಾಂತ್ರಿಕ ತೊಂದರೆ ಅಂತ ಬೋರ್ಡು ಬೀಳುತ್ತಿತ್ತು. ಮೆಡ್ಗರ್ ಎವರ್ಸ್ ಅನ್ನುವ ಹೋರಾಟಗಾರರು ಪಟ್ಟು ಹಿಡಿದು ಇದೇ ನಿಯಮದ ಹೆಸರಲ್ಲಿ ಸಮಯ ಕೇಳಿದರು. 1963ರ ಮೇ ತಿಂಗಳಲ್ಲಿ ಟೀವಿಯಲ್ಲಿ ಮಾತಾಡಿದರು. ಜೂನ್ 12ಕ್ಕೆ ಅವರ ಮನೆ ಮುಂದೆಯೇ ಅವರನ್ನು ಗುಂಡಿಟ್ಟು ಕೊಂದರು. ಮುಂದೆ ಊರಿನವರೂ ಒಂದು ಚರ್ಚ್ ಸಂಘಟನೆಯೂ ಸೇರಿ ಸ್ಟೇಷನ್ ಲೈಸೆನ್ಸ್ ರದ್ದು ಮಾಡಿ ಅಂತ ಹೋದರು. ನೀವು ಯಾರು ಕೇಳೋಕೆ, ಟೀವಿ ನೋಡುವವರು ತಾನೇ ಅಂದಿತು ಆಯೋಗ. 1966ರಲ್ಲಿ ಮೇಲ್ಮನವಿ ಕೋರ್ಟ್ ಹೇಳಿತು: ಹೌದು, ನೋಡುವವರು, ಅದಕ್ಕೇ ಅವರಿಗೆ ಕೇಳುವ ಹಕ್ಕಿದೆ. 1969ರಲ್ಲಿ ಸ್ಟೇಷನ್ ಲೈಸೆನ್ಸ್ ಕಳೆದುಕೊಂಡಿತು.

ಅದೇ 1969ರಲ್ಲಿ ಸುಪ್ರೀಂ ಕೋರ್ಟ್ ಕೂಡ ರೆಡ್ ಲಯನ್ ಅನ್ನುವ ಪ್ರಕರಣದಲ್ಲಿ ಒಂದು ಮಾತು ಹೇಳಿತು. ಇಲ್ಲಿ ದೊಡ್ಡದು ಪ್ರಸಾರ ಮಾಡುವವನ ಹಕ್ಕಲ್ಲ, ನೋಡುವವರ, ಕೇಳುವವರ ಹಕ್ಕು. ಈ ಮಾತು ನಮ್ಮ ದೇಶದವರೆಗೂ ಬಂತು. 1995ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಕ್ರಿಕೆಟ್ ಪ್ರಸಾರದ ಕೇಸಿನಲ್ಲಿ ಗಾಳಿಯ ತರಂಗಗಳು ಸಾರ್ವಜನಿಕರ ಆಸ್ತಿ ಅಂದಿತಲ್ಲ, ಆ ತೀರ್ಪಿನಲ್ಲಿ ಅಮೆರಿಕದ ತೀರ್ಪುಗಳನ್ನೂ ಚರ್ಚೆ ಮಾಡಿದ್ದಾರೆ.

ಆದರೆ ನ್ಯಾಯದ ನಿಯಮವನ್ನು ನಾನು ಹೊಗಳುತ್ತಾ ಕೂತರೆ ಅರ್ಧ ಕಥೆ ಹೇಳಿದ ಹಾಗಾಗುತ್ತದೆ. ರೆಡ್ ಲಯನ್ ಕೇಸು ಶುರುವಾಗಿದ್ದು ಪೆನ್ಸಿಲ್ವೇನಿಯಾದ ಒಂದು ಪುಟ್ಟ ಸ್ಟೇಷನ್‌ನಲ್ಲಿ. ಒಬ್ಬ ಬಲಪಂಥೀಯ ಪಾದ್ರಿ ರೇಡಿಯೋದಲ್ಲಿ ಫ್ರೆಡ್ ಕುಕ್ ಅನ್ನುವ ಪತ್ರಕರ್ತನನ್ನು ಬೈದ, ಕುಕ್ ಉತ್ತರ ಕೊಡೋಕೆ ಸಮಯ ಕೇಳಿದ. ಎಷ್ಟು ಮುಗ್ಧವಾಗಿದೆ ಅಲ್ವಾ? ಆಮೇಲೆ ಗೊತ್ತಾಗಿದ್ದು, ಕುಕ್ ಹಿಂದೆ ಡೆಮಾಕ್ರಟಿಕ್ ಪಕ್ಷದವರ ಕೈ ಇತ್ತು. ಬಲಪಂಥದ ಸಣ್ಣ ಸ್ಟೇಷನ್‌ಗಳಿಗೆ ದೂರಿನ ಮೇಲೆ ದೂರು ಕೊಟ್ಟು ಸುಸ್ತು ಮಾಡುವ ಆಟ. ಹಾಗಾಗಿ ಈ ನಿಯಮ ಸರಕಾರದ ಕೈಯಲ್ಲಿ ಕೋಲಾಗುತ್ತದೆ ಅಂತ ಹೆದರಿದವರು ಸುಮ್ನೆ ಹೆದರಿದ್ದಲ್ಲ.

1987ರಲ್ಲಿ, ರಿಪಬ್ಲಿಕನ್ ಅಧ್ಯಕ್ಷ ರೇಗನ್ ಕಾಲದಲ್ಲಿ, ಆಯೋಗ ನಿಯಮವನ್ನು ಕೈಬಿಟ್ಟಿತು. ಅದನ್ನು ಕಾನೂನಾಗಿಯೇ ಉಳಿಸಬೇಕು ಅಂತ ಕಾಂಗ್ರೆಸ್ ಮಸೂದೆ ಪಾಸು ಮಾಡಿತ್ತು, ರೇಗನ್ ಅದಕ್ಕೆ ವೀಟೋ ಹಾಕಿದರು. ಮಸೂದೆಯ ಪರ ನಿಂತವರಲ್ಲಿ ನ್ಯೂಟ್ ಗಿಂಗ್ರಿಚ್ ಇದ್ದರು, ಫಿಲಿಸ್ ಶ್ಲಾಫ್ಲಿ ಇದ್ದರು. ಅಪ್ಪಟ ಬಲದವರು. ನಮ್ಮ ಮಾತಿಗೆ ದೊಡ್ಡ ಟೀವಿಗಳಲ್ಲಿ ಜಾಗ ಸಿಗುವುದೇ ಈ ನಿಯಮ ಇರೋದರಿಂದ ಅಂತ ಅವರ ವಾದ. ಮರುವರ್ಷ ರಶ್ ಲಿಂಬಾ ಅವರ ರೇಡಿಯೋ ಶೋ ದೇಶದ ತುಂಬಾ ಶುರುವಾಯಿತು, ಬಲದವರಿಗೆ ತಮ್ಮದೇ ರೇಡಿಯೋ ಸಿಕ್ಕಿತು, ಆಮೇಲೆ ಆ ನಿಯಮದ ಹೆಸರೆತ್ತಿದರೆ ಸಾಕು ಅದು ಎಡದವರ ಪಿತೂರಿ ಅಂತಾಯಿತು. ಹತ್ತಿಪ್ಪತ್ತು ವರ್ಷದಲ್ಲಿ ಒಂದೇ ಸಾಮಾನಿನ ಮೇಲಿನ ಲೇಬಲ್ ಬದಲಾದ ಬಗೆ ಇದು.

ಲೇಬಲ್ ಅಂದೆನಲ್ಲ. ಅಮೆರಿಕದಲ್ಲಿ ಕೆಂಪು ಅಂದರೆ ಬಲದ ರಿಪಬ್ಲಿಕನ್ ಪಕ್ಷ, ನೀಲಿ ಅಂದರೆ ಎಡದ ಡೆಮಾಕ್ರಟಿಕ್ ಪಕ್ಷ. ಕಾಲಾಕಾಲದಿಂದ ಹೀಗೇ ಇದೆ ಅನಿಸುತ್ತದೆ. ಇಲ್ಲ. 1980ರಲ್ಲಿ ರೇಗನ್ ಗೆದ್ದಾಗ ಎನ್‌ಬಿಸಿ ಟೀವಿಯ ನಕ್ಷೆಯಲ್ಲಿ ಅವರ ರಾಜ್ಯಗಳೆಲ್ಲ ನೀಲಿ. ಒಂದೊಂದು ಚಾನೆಲ್‌ಗೆ ಒಂದೊಂದು ಬಣ್ಣ. 2000ದ ಚುನಾವಣೆಯಲ್ಲಿ ಬುಷ್ ಮತ್ತು ಗೋರ್ ನಡುವೆ ಫ್ಲಾರಿಡಾದ ಎಣಿಕೆ ವಾರಗಟ್ಟಲೆ ಎಳೆದಾಡಿತು. ಅಷ್ಟೂ ದಿನ ಟೀವಿಯಲ್ಲಿ ಬುಷ್‌ಗೆ ಕೆಂಪು, ಗೋರ್‌ಗೆ ನೀಲಿ ಹಚ್ಚಿದ ನಕ್ಷೆ. ಆ ಬಣ್ಣಗಳು ಅಂಟಿಕೊಂಡವು. ನಕ್ಷೆಗೆ ಹಚ್ಚಿದ್ದು ಆಮೇಲೆ ಮನುಷ್ಯರಿಗೂ ಹತ್ತಿತು. ನನ್ನ ಅಕ್ಕನ ಮಗ ಟೆಕ್ಸಾಸ್‌ನಲ್ಲಿದ್ದಾನೆ. "ಮಾವ, ಇಲ್ಲಿ ಯಾವ ಚಾನೆಲ್ ನೋಡ್ತೀಯ ಅಂತ ಕೇಳೋದೂ ಒಂದೇ, ಯಾರಿಗೆ ಓಟು ಅಂತ ಕೇಳೋದೂ ಒಂದೇ" ಅನ್ನುತ್ತಾನೆ.

ಇನ್ನೊಂದು ಕಡೆ ಊರಿನ ಪತ್ರಿಕೆಗಳು ಒಂದೊಂದಾಗಿ ಮುಚ್ಚಿದವು. 2005ರಲ್ಲಿ ಇದ್ದವುಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಈಗ ಇಲ್ಲ. ಊರಿನ ಚರಂಡಿ, ಶಾಲೆ, ತೆರಿಗೆಯ ಸುದ್ದಿ ಬರೆಯುವವರು ಹೋದರೆ ಜನರಿಗೆ ಜಗಳಕ್ಕೆ ಉಳಿಯುವುದು ವಾಷಿಂಗ್ಟನ್ ಮಾತ್ರ. ಚರಂಡಿಗೆ ಕೆಂಪು ನೀಲಿ ಇರುವುದಿಲ್ಲ, ವಾಷಿಂಗ್ಟನ್‌ಗೆ ಇರುತ್ತದೆ.

ಒಂದು ಸಲ ಮಾತ್ರ ಈ ಬಣ್ಣಗಳು ತೊಳೆದುಹೋಗಿದ್ದವು. 2003ರಲ್ಲಿ ಎಫ್‌ಸಿಸಿ ಮಾಲೀಕತ್ವದ ಮಿತಿಯನ್ನು ಇನ್ನೂ ಸಡಿಲ ಮಾಡಲು ಹೊರಟಿತು. ಒಂದು ಕಂಪನಿಯ ಟೀವಿ ಸ್ಟೇಷನ್‌ಗಳು ದೇಶದ 35 ಪ್ರತಿಶತ ಮನೆಗಳನ್ನು ಮುಟ್ಟಬಹುದಿತ್ತು, ಅದನ್ನು 45 ಮಾಡೋಣ ಅಂತ. ಲಕ್ಷಗಟ್ಟಲೆ ಜನ ಬೇಡ ಅಂತ ಬರೆದರು. ಬಂದೂಕು ಇಟ್ಟುಕೊಳ್ಳುವ ಹಕ್ಕಿಗಾಗಿ ಹೋರಾಡುವ ರೈಫಲ್ ಅಸೋಸಿಯೇಷನ್ ಒಂದು ಕಡೆಯಿಂದ, ಮಹಿಳಾ ಹಕ್ಕಿನ ಸಂಘಟನೆಗಳು ಇನ್ನೊಂದು ಕಡೆಯಿಂದ. ಬೇರೆ ಯಾವ ವಿಷಯಕ್ಕೂ ಇವರು ಒಂದೇ ಬೆಂಚಿನಲ್ಲಿ ಕೂರುವವರಲ್ಲ. ಸೆನೆಟ್ 55ಕ್ಕೆ 40 ಓಟಿನಿಂದ ಆಯೋಗದ ನಿಯಮಗಳನ್ನು ತಿರಸ್ಕರಿಸಿತು. ಕೊನೆಗೆ ಎಷ್ಟಕ್ಕೆ ನಿಂತಿತು ಗೊತ್ತಾ? 39ಕ್ಕೆ. ಯಾಕೆ 39? ಆಗಲೇ ಎರಡು ದೊಡ್ಡ ಕಂಪನಿಗಳು 35 ದಾಟಿ 39ರ ಹತ್ತಿರ ಬಂದಿದ್ದವು. ಅವರು ಒಂದು ಸ್ಟೇಷನ್ನೂ ಮಾರಬೇಕಾಗಿ ಬರಲಿಲ್ಲ. ಅಂಗಿ ಬಿಗಿಯಾಯಿತು ಅಂತ ಹೊಲಿಗೆ ಬಿಚ್ಚಿಕೊಟ್ಟ ಹಾಗೆ.

ಆ 39 ಮುಂದೆ ಮತ್ತೆ ಮುಖ್ಯವಾಯಿತು, ಹೇಳುತ್ತೇನೆ. 2025ರ ಆಗಸ್ಟ್‌ನಲ್ಲಿ ನೆಕ್ಸ್‌ಸ್ಟಾರ್ ಅನ್ನುವ ದೊಡ್ಡ ಟೀವಿ ಕಂಪನಿ ಟೆಗ್ನಾ ಅನ್ನುವ ಇನ್ನೊಂದನ್ನು 6.2 ಬಿಲಿಯನ್ ಡಾಲರ್‌ಗೆ ಕೊಳ್ಳುವುದಾಗಿ ಹೇಳಿತು. ಅದು ಆಗಬೇಕಾದರೆ ಎಫ್‌ಸಿಸಿ ಒಪ್ಪಬೇಕಿತ್ತು, 39ರ ಮಿತಿಯೂ ಸಡಿಲ ಆಗಬೇಕಿತ್ತು. ಮುಂದಿನ ತಿಂಗಳೇ, ಬಲಪಂಥದ ಹೋರಾಟಗಾರ ಚಾರ್ಲಿ ಕರ್ಕ್ ಕೊಲೆಯಾದ ಮೇಲೆ, ಹಾಸ್ಯಗಾರ ಜಿಮ್ಮಿ ಕಿಮ್ಮೆಲ್ ತಮ್ಮ ರಾತ್ರಿ ಶೋನಲ್ಲಿ ಆಡಿದ ಮಾತಿಗೆ ಗಲಾಟೆ ಎದ್ದಿತು. ಸುಲಭದ ದಾರಿಯಲ್ಲೂ ಮಾಡಬಹುದು, ಕಷ್ಟದ ದಾರಿಯಲ್ಲೂ ಮಾಡಬಹುದು ಅಂತ ಟೀವಿ ಕಂಪನಿಗಳಿಗೆ ಎಚ್ಚರಿಸಿದರು ಎಫ್‌ಸಿಸಿ ಅಧ್ಯಕ್ಷ ಬ್ರೆಂಡನ್ ಕಾರ್. ಅದೇ ದಿನ ನಮ್ಮ ಸ್ಟೇಷನ್‌ಗಳಲ್ಲಿ ಈ ಶೋ ಹಾಕಲ್ಲ ಅಂದಿತು ನೆಕ್ಸ್‌ಸ್ಟಾರ್. ಸ್ವಲ್ಪ ಹೊತ್ತಿಗೆ ಆ ಶೋ ನಡೆಸುವ ಎಬಿಸಿ ಚಾನೆಲ್ಲೇ ಅದನ್ನು ನಿಲ್ಲಿಸಿತು. ನಮ್ಮ ನಿರ್ಧಾರ ನಮ್ಮದೇ, ಯಾರೂ ಹೇಳಿ ಮಾಡಿಸಿದ್ದಲ್ಲ ಅಂತ ನೆಕ್ಸ್‌ಸ್ಟಾರ್ ಹೇಳಿತು. ಇರಲಿ. ಆದರೆ ಸರಕಾರದ ಮೇಜಿನ ಮೇಲೆ ನಿಮ್ಮ ಅಷ್ಟು ದೊಡ್ಡ ಅರ್ಜಿ ಇದ್ದಾಗ ಸರಕಾರ ಕಾನೂನು ಮಾಡಬೇಕಾಗೇ ಇಲ್ಲ, ಒಂದು ಸಲ ಕೆಮ್ಮಿದರೆ ಸಾಕಲ್ಲ? ಕಾಂಗ್ರೆಸ್ ಮಾಡಕೂಡದು ಅಂತ ಸಂವಿಧಾನ ಹೇಳಿದ್ದನ್ನು ಯಜಮಾನನೇ ಮಾಡಿಕೊಡುತ್ತಾನೆ.

ಇಲ್ಲಿಯೂ ಬಣ್ಣ ಸ್ವಲ್ಪ ಕಲಸಿತು. ಕಾರ್ ಆಡಿದ್ದು ಮಾಫಿಯಾದವರ ಹಾಗಿದೆ ಅಂತ ಬಹಿರಂಗವಾಗಿ ಬೈದವರು ಟೆಡ್ ಕ್ರೂಸ್, ಟೆಕ್ಸಾಸ್‌ನ ರಿಪಬ್ಲಿಕನ್ ಸೆನೆಟರ್. ಇವತ್ತು ಅವರು, ನಾಳೆ ನಾವು ಅನ್ನುವುದು ಅವರ ಲೆಕ್ಕ. ಒಂದು ವಾರದೊಳಗೆ ಕಿಮ್ಮೆಲ್ ಎಬಿಸಿಗೆ ವಾಪಸು ಬಂದರು.

ಇನ್ನೊಂದು ಸಣ್ಣ ವಿಷಯ ಹೇಳಿ ನಿಲ್ಲಿಸುತ್ತೇನೆ. ಸಣ್ಣದು ಅಂದರೆ ನಿಜಕ್ಕೂ ಸಣ್ಣದು, 100 ವಾಟ್. ನಮ್ಮ ಮನೆಯ ಹಳೇ ಬಲ್ಬಿನಷ್ಟು. 2000ದಲ್ಲಿ ಎಫ್‌ಸಿಸಿ ಲಾಭಕ್ಕಲ್ಲದ ಸಂಘಗಳಿಗೆ ಈ ಪುಟ್ಟ ಎಫ್‌ಎಂ ಲೈಸೆನ್ಸ್ ಕೊಡೋಕೆ ಶುರು ಮಾಡಿತು. ಐದಾರು ಕಿಲೋಮೀಟರ್ ಮುಟ್ಟಿದರೆ ಹೆಚ್ಚು. ದೊಡ್ಡ ಸ್ಟೇಷನ್‌ಗಳು ತಡೆ ಹಾಕಿಸಿದವು, ಹತ್ತು ವರ್ಷದ ಮೇಲೆ ಎರಡೂ ಪಕ್ಷದವರು ಸೇರಿ ಕಾಯ್ದೆ ತಂದು ಬಾಗಿಲು ಅಗಲ ಮಾಡಿದರು, 2011ರ ಜನವರಿಯಲ್ಲಿ ಒಬಾಮಾ ಸಹಿ ಹಾಕಿದರು. ಫ್ಲಾರಿಡಾದ ಇಮ್ಮೊಕಲಿ ಅನ್ನುವ ಊರಲ್ಲಿ ಟೊಮೆಟೊ ಕೀಳುವ ಕೂಲಿಯವರ ಸಂಘಕ್ಕೆ ಅಂಥ ಒಂದು ಸ್ಟೇಷನ್ ಇದೆ. 2005ರಲ್ಲಿ ವಿಲ್ಮಾ ಚಂಡಮಾರುತ ಬಂದಾಗ ಕೂಲಿಯವರೇ ಮೈಕ್ ಮುಂದೆ ಕೂತು ತಮ್ಮ ಜನರಿಗೆ ತಮ್ಮ ಮಾತಿನಲ್ಲೇ ಹೇಳಿದರು: ಗಾಳಿ ಬರುತ್ತಿದೆ, ಟ್ರೈಲರ್ ಮನೆಗಳಲ್ಲಿ ಇರಬೇಡಿ, ಇಂಥ ಕಡೆ ಹೋಗಿ.

ನಮಸ್ಕಾರ.