ಥ್ರಾಟಲ್ ಬಿಟ್ಟರೆ ಜೆಟ್ ಸ್ಕಿ ತಿರುಗೋದಿಲ್ಲ

ನಮಸ್ಕಾರ. ಬೈಕ್ ಚೆನ್ನಾಗಿ ಓಡಿಸೋಕೆ ಬರೋರಿಗೇ ಇವತ್ತಿನ ಮಾತು.

ಬೈಕಲ್ಲಿ ಹೋಗ್ತಿರುವಾಗ ನಾಯಿ ಅಡ್ಡ ಬಂತು ಅಂದ್ಕೊಳ್ಳಿ. ಆಕ್ಸಿಲರೇಟರ್ ಬಿಡ್ತೀರಿ, ಬ್ರೇಕ್ ಹಿಡೀತೀರಿ, ಹ್ಯಾಂಡಲ್ ಪಕ್ಕಕ್ಕೆ ಎಳೀತೀರಿ. ಇದು ಯೋಚಿಸಿ ಮಾಡೋದಲ್ಲ, ಕೈಗೇ ಗೊತ್ತಿರುತ್ತೆ. ನೀರಿನ ಮೇಲೆ ಬೈಕ್ ಥರ ಓಡಿಸೋ ಜೆಟ್ ಸ್ಕಿ ಮೇಲೆ ನಿಮ್ಮ ಕೈ ಇದನ್ನೇ ಮಾಡಿದ್ರೆ ಅದು ತಿರುಗೋದಿಲ್ಲ. ಹೋಗ್ತಿದ್ದ ದಾರೀಲೇ ಹೋಗಿ ಗುದ್ದುತ್ತೆ.

ಯಾಕೆ ಅಂದ್ರೆ, ಅದಕ್ಕೆ ದೋಣಿ ಥರ ಚುಕ್ಕಾಣಿ ಇಲ್ಲ. ಹೊಟ್ಟೆ ಕೆಳಗಿಂದ ನೀರು ಎಳ್ಕೊಂಡು, ಒಳಗೆ ಸುತ್ತೋ ರೆಕ್ಕೆಚಕ್ರ, ಅಂದ್ರೆ ಇಂಪೆಲ್ಲರ್, ಅದನ್ನ ಹಿಂದಿನ ನಳಿಕೆಯಿಂದ ರಭಸವಾಗಿ ಉಗುಳುತ್ತೆ. ನೀವು ಹ್ಯಾಂಡಲ್ ತಿರುಗಿಸಿದಾಗ ತಿರುಗೋದು ಆ ನಳಿಕೆ. ನೀರೇ ಚಿಮ್ಮದಿದ್ರೆ ಗಾಡಿ ಯಾವುದರ ಬಲದಿಂದ ತಿರುಗಬೇಕು? ಗಂಟೆಗೆ 60 ಕಿ.ಮೀ. ವೇಗ ಅಂದ್ರೆ ಒಂದು ಸೆಕೆಂಡಿಗೆ 16 ಮೀಟರಿಗಿಂತ ಜಾಸ್ತಿ. ಹೊಸ ಮಾಡೆಲ್ ಕೆಲವಕ್ಕೆ ಬ್ರೇಕ್ ಇದೆ, ನಿಜ. ಬಾಡಿಗೆಗೆ ಸಿಕ್ಕಿದ್ದರಲ್ಲೂ ಇದೆ ಅಂತ ನಂಬಿ ಹತ್ತಬೇಡಿ.

ಹಾಗಾಗಿ ನನ್ನ ಅಭಿಪ್ರಾಯ ಗಟ್ಟಿಯಾಗೇ ಹೇಳ್ತೀನಿ. ಅಡ್ಡ ಏನಾದ್ರೂ ಬಂದಾಗ ಥ್ರಾಟಲ್ (ಅದರ ಆಕ್ಸಿಲರೇಟರ್) ಸ್ವಲ್ಪ ಕೊಟ್ಟೇ ತಿರುಗಿಸಬೇಕು ಅನ್ನೋದನ್ನ ಖಾಲಿ ನೀರಲ್ಲಿ ನಾಲ್ಕು ಸಲ ಮಾಡಿ ನೋಡದವರ ಕೈಗೆ ಹ್ಯಾಂಡಲ್ ಕೊಡಲೇಬಾರದು. ಮಲ್ಪೆ, ಮುರುಡೇಶ್ವರದಲ್ಲಿ ನಾವೇ ಹೋಗಿ ಪೀಡಿಸ್ತೀವಲ್ಲ, "ಅಣ್ಣಾ, ಇನ್ನೂ ಇನ್ನೂರು ಕೊಡ್ತೀನಿ, ನಾನೇ ಓಡಿಸ್ತೀನಿ" ಅಂತ. ಆಗೋದಿಲ್ಲ ಅಂದ ಹುಡುಗನ ಮೇಲೆ ರೇಗಬೇಡಿ. ಅವನು ನಿಮ್ಮನ್ನ ಕಾಪಾಡ್ತಿದ್ದಾನೆ.

ಎಂಜಿನ್ ಚಾಲೂ ಆಗೋ ಮುಂಚೆ ಆ ಸುರುಳಿ ದಾರ ನೋಡಿ, ಟೆಲಿಫೋನ್ ವೈರ್ ಥರ ಇರುತ್ತೆ. ಒಂದು ತುದಿ ಗಾಡಿಯ ಸ್ವಿಚ್ಚಿಗೆ, ಇನ್ನೊಂದು ಓಡಿಸೋರ ಮಣಿಕಟ್ಟಿಗೆ ಅಥವಾ ಜಾಕೆಟ್ಟಿಗೆ. ಬಿದ್ರೆ ದಾರ ಕಿತ್ಕೊಂಡು ಎಂಜಿನ್ ನಿಲ್ಲುತ್ತೆ. ನಾನು ಒಮ್ಮೆ ಹತ್ತಿದಾಗ ಅದು ಹ್ಯಾಂಡಲ್‌ಗೇ ಸುತ್ತಿತ್ತು. ಕೇಳೋಕೆ ಸಂಕೋಚ ಆಯ್ತು, ಸುಮ್ಮನೆ ಕೂತೆ. ಅವತ್ತು ಏನೂ ಆಗಲಿಲ್ಲ, ಆದ್ರೆ ಆ ಸಂಕೋಚಕ್ಕೆ ನನಗೆ ಇವತ್ತಿಗೂ ಬೇಜಾರಿದೆ. ಲೈಫ್ ಜಾಕೆಟ್ಟನ್ನೂ ಹೆಗಲ ಹತ್ರ ಹಿಡಿದು ಯಾರಿಂದಾದ್ರೂ ಮೇಲಕ್ಕೆ ಎಳೆಸಿ ನೋಡಿ. ಕಿವಿ ತನಕ ಬಂದ್ರೆ ಅದು ಸಡಿಲ.

ಯಾರೂ ಬಾಯಿಬಿಟ್ಟು ಹೇಳದ ಒಂದು ವಿಷಯ ಇದೆ, ಹೆಣ್ಣುಮಕ್ಕಳು ದಯವಿಟ್ಟು ಕೇಳಿ. ಹಿಂದೆ ಕೂತವರು ಹಿಮ್ಮುಖವಾಗಿ ಜಾರಿದ್ರೆ ನಳಿಕೆಯ ನೀರು ನೇರವಾಗಿ ಕೆಳಮೈಗೆ ಹೊಡೆಯುತ್ತೆ. ಗುದದ್ವಾರ, ಯೋನಿಯ ಒಳಗೆ ಗಂಭೀರ ಗಾಯ ಆಗಬಹುದು. ತೆಳು ಈಜುಡುಗೆ ಅದನ್ನ ತಡೆಯಲ್ಲ. ವೆಟ್‌ಸೂಟಿನ, ಅಂದ್ರೆ ನೀರಿಗಿಳಿಯೋರು ಹಾಕೋ ರಬ್ಬರಿನಂಥ ಉಡುಪಿನ, ದಪ್ಪ ಚಡ್ಡಿ ಬೇಕು, ಮುಂದಿರೋರನ್ನ ಗಟ್ಟಿಯಾಗಿ ಹಿಡ್ಕೊಂಡಿರಬೇಕು, ಒಮ್ಮೆಲೇ ಥ್ರಾಟಲ್ ಎಳೆಯಬಾರದು. ದುಪಟ್ಟಾ ತೆಗೆದಿಡಿ, ಕೂದಲು ಕಟ್ಟಿ. ಗಾಡಿಯ ಹೊಟ್ಟೆ ಕೆಳಗೆ ನೀರು ಎಳ್ಕೊಳ್ಳೋ ಬಾಯಿ ನೀರಿನ ಜೊತೆ ಏನು ಸಿಕ್ಕಿದ್ರೂ ಎಳ್ಕೊಳ್ಳುತ್ತೆ. ಮರಳು, ಹಗ್ಗ, ಬಲೆ, ಎಲ್ಲಾನೂ.

ಬಲೆ ಅಂದಾಗ ನೆನಪಾಯ್ತು. ಕೈರಂಪಣಿ ಮೀನುಗಾರರು ದೋಣಿಯಲ್ಲಿ ಹೋಗಿ ಅರ್ಧಚಂದ್ರದ ಹಾಗೆ ಬಲೆ ಬಿಟ್ಟು, ಎರಡೂ ತುದಿಯನ್ನ ದಡದಿಂದ ಎಳೀತಾರೆ. ದೂರದಿಂದ ಕಾಣೋದು ಬಲೆಗೆ ಕಟ್ಟಿದ, ಸಾಲಾಗಿ ತೇಲೋ ಬುರುಡೆಗಳು ಮಾತ್ರ. ಸಂಜೆ ಬಿಸಿಲು ಕಣ್ಣಿಗೆ ಹೊಡೆದ್ರೆ ಅದೂ ಕಾಣಲ್ಲ. ಒಂದು ಸಂಜೆ ಜೆಟ್ ಸ್ಕಿ ಒಂದು ಆ ಸಾಲಿನ ಕಡೆಗೇ ಬರ್ತಿತ್ತು. ಹಗ್ಗ ಹಿಡಿದಿದ್ದ ಅಜ್ಜ ಒಬ್ಬರು ಮುಂಡಾಸು ಬಿಚ್ಚಿ, ಮೊಣಕಾಲು ನೀರಲ್ಲಿ ನಿಂತು ಬೀಸಿದ್ರು. ಓಡಿಸ್ತಿದ್ದ ಹುಡುಗ ನಕ್ಕು ತಿರುಗಿ ಕೈ ಬೀಸಿದ. ಪಕ್ಕದಲ್ಲಿದ್ದ ಹೆಂಗಸರು ಹಗ್ಗ ಬಿಟ್ಟು ಕೂಗಿಕೊಂಡ ಮೇಲೇ ಅವನಿಗೆ ಬುರುಡೆ ಕಂಡಿದ್ದು.