ಎಲ್ಲವೂ ಉಷ್ಣ ಅಲ್ಲ

ಕೇಳುಗರಿಗೆ ನಮಸ್ಕಾರ.

ನಾಲ್ಕು ಜನರ ಮುಂದೆ ನಾವು ಎತ್ತದ ವಿಷಯವೊಂದನ್ನು ಇವತ್ತು ಎತ್ತುತ್ತಿದ್ದೇನೆ. ಮೂತ್ರದ ಬಣ್ಣ. ಡಾಕ್ಟರಾದ ನನಗೆ ಇದರಲ್ಲಿ ನಾಚಿಕೆಯಿಲ್ಲ. ನಿಮಗೂ ಬೇಡ.

ಬಣ್ಣ ಸ್ವಲ್ಪ ತಿರುಗಿದರೆ ಮನೆಯಲ್ಲಿ ಬರುವ ಮೊದಲ ಮಾತು, "ಉಷ್ಣ ಆಗಿದೆ, ಎಳನೀರು ಕುಡಿ." ಎಷ್ಟೋ ಸಲ ಈ ಮಾತು ಸರಿಯೇ. ರಕ್ತದ ಕೆಂಪು ಕಣಗಳು ಸುಮಾರು 120 ದಿನ ಬಾಳಿ ಒಡೆಯುತ್ತವೆ. ಅದರಿಂದ ಹುಟ್ಟುವ ಹಳದಿಯೇ ಮೂತ್ರದ ಬಣ್ಣ. ನೀರು ಸಾಕಷ್ಟಿದ್ದರೆ ಒಣಹುಲ್ಲಿನಂತೆ ತೆಳು, ಕಡಿಮೆಯಾದರೆ ಕಡು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಹೊಲಕ್ಕೆ ಹೋಗುವ ಹೆಣ್ಣುಮಕ್ಕಳನ್ನು ನೆನೆಸಿಕೊಳ್ಳಿ. ಒಂದಕ್ಕೆ ಹೋಗಲು ಮರೆ ಇಲ್ಲ ಅಂತ ಎಷ್ಟೋ ಜನ ಸಂಜೆಯವರೆಗೆ ನೀರನ್ನೇ ಮುಟ್ಟುವುದಿಲ್ಲ. ಆಮೇಲೆ ಕಡುಹಳದಿ, ಜೊತೆಗೆ ಉರಿ. ಇದು ಅವರ ತಪ್ಪಲ್ಲ. ಅವರಿಗೊಂದು ಮರೆಯ ಜಾಗ ಮಾಡಿಕೊಡದ ನಮ್ಮ ತಪ್ಪು. ನೀರು ಕುಡಿದ ಮೇಲೂ ಉರಿ ನಿಲ್ಲದಿದ್ದರೆ, ಜ್ವರ ಬಂದರೆ, ಸೋಂಕು ಇರಬಹುದು. ತೋರಿಸಿಕೊಳ್ಳಿ.

ಕೆಲವು ಬಣ್ಣಕ್ಕೆ ಹೆದರಬೇಕಿಲ್ಲ. ಬಿ ಕಾಂಪ್ಲೆಕ್ಸ್ ನುಂಗಿದರೆ ಹೊಳೆಯುವ ಹಳದಿ. ಬೀಟ್‌ರೂಟ್ ಪಲ್ಯ ತಿಂದರೆ ಕೆಲವರಿಗೆ ಗುಲಾಬಿ. ಟಿ.ಬಿ.ಗೆ ಕೊಡುವ ರಿಫಾಂಪಿಸಿನ್‌ನಿಂದ ಮೂತ್ರ ಕಿತ್ತಳೆ ಕೆಂಪಾಗುತ್ತದೆ. ಬೆವರು, ಕಣ್ಣೀರಿಗೂ ಆ ಬಣ್ಣ ಬರಬಹುದು. ಅದನ್ನು ರಕ್ತ ಅಂದುಕೊಂಡು ಮಾತ್ರೆ ಬಿಟ್ಟವರನ್ನು ಕಂಡಿದ್ದೇನೆ. ದಯವಿಟ್ಟು ಬಿಡಬೇಡಿ. ಆದರೆ ಅದೇ ಮಾತ್ರೆ ನುಂಗುವವರ ಕಣ್ಣು ಹಳದಿಯಾಗಿ, ವಾಂತಿ ಶುರುವಾದರೆ ಲಿವರ್‌ಗೆ ತೊಂದರೆ ಆಗಿರಬಹುದು. ಅವತ್ತೇ ಡಾಕ್ಟರಿಗೆ ಹೇಳಬೇಕು.

ಕಾಮಾಲೆಯ ಬಣ್ಣವೇ ಬೇರೆ. ಕಡು ಚಹಾದ ಡಿಕಾಕ್ಷನ್‌ನಂತೆ ಇರುತ್ತದೆ. ನೀರು ಜಾಸ್ತಿ ಕುಡಿದರೂ ಅದು ಪೂರ್ತಿ ತಿಳಿಯಾಗುವುದಿಲ್ಲ. ಹಗಲ ಬೆಳಕಿನಲ್ಲಿ ಕಣ್ಣಿನ ಬಿಳಿಭಾಗ ಹಳದಿಯಾಗಿದೆಯೇ ನೋಡಿ. ಮಕ್ಕಳಲ್ಲಿ ಇನ್ನೊಂದಿದೆ. ಗಂಟಲು ನೋವು ಬಂದು ಒಂದರಿಂದ ಮೂರು ವಾರದೊಳಗೋ, ಕಾಲಿನ ಕಜ್ಜಿ ಬಂದು ಮೂರರಿಂದ ಆರು ವಾರದೊಳಗೋ ಮೂತ್ರ ಕೋಲಾದಂತೆ ಕಪ್ಪಾಗಿ, ಬೆಳಗ್ಗೆ ಮುಖ ಊದಿಕೊಂಡರೆ ಅದು ಕಿಡ್ನಿಯ ಬಾವು. ತಡ ಮಾಡಬೇಡಿ.

ಇವೆಲ್ಲಕ್ಕಿಂತ ನನ್ನನ್ನು ಕಾಡುವುದು ನೋವಿಲ್ಲದ ಕೆಂಪು. ಕಿಡ್ನಿ ಕಲ್ಲಿನ ನೋವಿಗೆ ಜನ ನಡುರಾತ್ರಿಯೇ ಓಡಿ ಬರುತ್ತಾರೆ. ನೋವಿಲ್ಲ ಅಂದರೆ ಸುಮ್ನಾಗುತ್ತಾರೆ. ನನ್ನ ಹತ್ತಿರ ಬಂದ ಒಬ್ಬ ಹಿರಿಯರು, ಬಹಳ ವರ್ಷದಿಂದ ಬೀಡಿ ಸೇದುವವರು. ಒಂದು ಬೆಳಗ್ಗೆ ಕೆಂಪಗೆ ಹೋಯಿತಂತೆ. ನೋವಿಲ್ಲ, ಉರಿಯಿಲ್ಲ. ಎಳನೀರು, ಬಾರ್ಲಿ ನೀರು ಕುಡಿದರು. ಎರಡು ದಿನಕ್ಕೆ ತಿಳಿಯಾಯಿತು. ಉಷ್ಣ ಇಳಿಯಿತು ಅಂತ ಮನೆಯವರೆಲ್ಲ ನಿರಾಳವಾದರು. ಐದು ತಿಂಗಳ ಮೇಲೆ ಮತ್ತೆ ಬಂತು. ಈ ಸಲ ರಕ್ತದ ಗರಣೆಗಳ ಜೊತೆ. ಮೂತ್ರಕೋಶದಲ್ಲಿ ಕ್ಯಾನ್ಸರ್ ಗಂಟು ಬೆಳೆದಿತ್ತು.

ಅವತ್ತು ಕೆಂಪು ನಿಂತದ್ದು ಎಳನೀರಿನಿಂದಲ್ಲ. ಇಂಥ ರಕ್ತ ಬರುತ್ತದೆ, ತಾನಾಗಿ ನಿಲ್ಲುತ್ತದೆ, ಮತ್ತೆ ಬರುತ್ತದೆ. ಕೆಂಪಾದದ್ದೆಲ್ಲ ಕ್ಯಾನ್ಸರ್ ಅಲ್ಲ, ಅಷ್ಟಕ್ಕೇ ಎದೆಗುಂದಬೇಡಿ. ಆದರೆ ಒಂದೇ ಸಲ ಕಂಡರೂ ಒಂದು ಮೂತ್ರ ಪರೀಕ್ಷೆ, ಬೇಕಾದರೆ ಒಂದು ಸ್ಕ್ಯಾನಿಂಗ್ ಆಗಲೇಬೇಕು. ನಲವತ್ತು ದಾಟಿದವರು, ಬೀಡಿ ಸಿಗರೇಟು ಸೇದುವವರು ಖಂಡಿತ ಮಾಡಿಸಬೇಕು.

ಪರೀಕ್ಷೆಗೆ ಕೊಡುವಾಗ ಮೊದಲು ಬರುವ ಸ್ವಲ್ಪ ಮೂತ್ರವನ್ನು ಬಿಟ್ಟು, ನಡುವಿನದನ್ನು ಲ್ಯಾಬಿನವರು ಕೊಟ್ಟ ಡಬ್ಬಿಗೆ ಹಿಡಿಯಿರಿ. ಎರಡು ಗಂಟೆಯೊಳಗೆ ತಲುಪಿಸಿ. ಯಾವತ್ತು ಕೆಂಪಾಗಿತ್ತು, ಹಿಂದಿನ ದಿನ ಏನು ತಿಂದಿರಿ, ಯಾವ ಮಾತ್ರೆ ನುಂಗುತ್ತಿದ್ದೀರಿ ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ನೀವು ಹೋಗುವ ಹೊತ್ತಿಗೆ ಬಣ್ಣ ತಿಳಿಯಾಗಿದ್ದರೂ ಹೋಗಿ.

ನಮಸ್ಕಾರ.