ಯಾವಾಗ ಡ್ರಾಪ್ ಮಾಡಬೇಕು?

ಕೇಳುಗರಿಗೆ ನಮಸ್ಕಾರ.

ರಮ್ಮಿ ಆಡುವವರಿಗೆ ಈ ಲೆಕ್ಕ ಗೊತ್ತೇ ಇರುತ್ತದೆ. ಎಲೆ ನೋಡಿದ ಕೂಡಲೇ ಡ್ರಾಪ್ ಮಾಡಿದರೆ, ಅಂದರೆ ಆಡದೆ ಆಟ ಬಿಟ್ಟುಕೊಟ್ಟರೆ, 20 ಪಾಯಿಂಟ್ ಹೋಗುತ್ತದೆ. ಒಂದೆರಡು ಸುತ್ತು ನೋಡೋಣ ಅಂತ ಕೂತು ಆಮೇಲೆ ಬಿಟ್ಟರೆ 40. ಕೊನೆವರೆಗೂ ಕೂತು ಸೋತರೆ 80ರವರೆಗೂ ಹೋಗಬಹುದು. ಇಂಥದೇ ಲೆಕ್ಕವನ್ನು ತನ್ನ ಜೀವಾಳ ಮಾಡಿಕೊಂಡ ಇನ್ನೊಂದು ಎಲೆಯಾಟ ಇದೆ, ‘ಏರ್, ಲ್ಯಾಂಡ್ ಅಂಡ್ ಸೀ’. ಜಾನ್ ಪೆರಿ ಎಂಬವರು ರೂಪಿಸಿದ್ದು. ಆರ್ಕೇನ್ ವಂಡರ್ಸ್ ಕಂಪನಿ 2019ರಲ್ಲಿ ಹೊರತಂದಿತು. ಎರಡನೇ ಮಹಾಯುದ್ಧದ ಕಾಲದ ಹಿನ್ನೆಲೆ. ಇಬ್ಬರೇ ಆಡುವ ಆಟ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ದುಡ್ಡು ಕಟ್ಟುವ ಮಾತೇ ಇಲ್ಲ.

ಒಟ್ಟು 18 ಎಲೆ. ಆಕಾಶ, ನೆಲ, ಕಡಲು ಅಂತ ಮೂರು ರಂಗ. ಒಂದೊಂದಕ್ಕೂ 1ರಿಂದ 6ರವರೆಗೆ ಎಲೆಗಳು. ತಲಾ 6 ಹಂಚಿ, ಉಳಿದ 6 ಪಕ್ಕಕ್ಕೆ ಮುಚ್ಚಿಡುತ್ತಾರೆ. ಸರದಿಯಂತೆ ಒಂದೊಂದೇ ಇಳಿಸಬೇಕು. ತೆರೆದು ಆಡಿದರೆ ಎಲೆಯನ್ನು ಅದರದೇ ರಂಗದಲ್ಲಿ ಇಡಬೇಕು, ಆಗ ಪೂರ್ತಿ ಬಲ. ಮುಚ್ಚಿ ಆಡಿದರೆ ಎಲ್ಲಿ ಬೇಕಾದರೂ ಇಡಬಹುದು, ಆದರೆ ಬಲ ಬರೀ 2. ಮೂರರಲ್ಲಿ ಎರಡು ರಂಗ ಗೆದ್ದವರಿಗೆ 6 ಪಾಯಿಂಟ್. ಮೊದಲು 12 ಮುಟ್ಟಿದವರು ಆಟ ಗೆದ್ದರು.

ಇಲ್ಲೂ ಡ್ರಾಪ್ ಉಂಟು, ಸೈನ್ಯ ವಾಪಸ್ ಕರೆಸಿಕೊಳ್ಳುವುದು. ಕೈಯಲ್ಲಿ ಎಲೆ ಜಾಸ್ತಿ ಇರುವಾಗಲೇ ಬಿಟ್ಟರೆ ಎದುರಾಳಿಗೆ ಸಿಗುವುದು 2. ತಡ ಮಾಡಿದಷ್ಟೂ 3, 4, ಕೊನೆಗೆ 6. ಅಂದರೆ ಬೇಗ ಬಿಟ್ಟ ಮೂರು ಸುತ್ತು ಸೇರಿದರೆ ಒಂದು ಪೂರ್ತಿ ಸೋಲಿಗೆ ಸಮ. ಕೆಟ್ಟ ಕೈ ಬಂತು ಅಂತ ಕೊರಗಬೇಕಾಗಿಲ್ಲ, ಅಲ್ವಾ?

ಒಳ್ಳೆ ಕೈ ಬಂದಾಗಲೇ ನಿಜವಾದ ಕಷ್ಟ. ದೊಡ್ಡ ಎಲೆಗಳನ್ನೆಲ್ಲ ಮೊದಲೇ ಬಿಚ್ಚಿಟ್ಟರೆ ಎದುರಿನವರು 2 ಕೊಟ್ಟು ಎದ್ದುಬಿಡುತ್ತಾರೆ. ನಿಮ್ಮ ಕೈ ದಂಡ. ಹಾಗಾಗಿ ಸೋಲುವವರ ಹಾಗೆ ಆಡಿ ಅವರನ್ನು ಕೂರಿಸಿಕೊಳ್ಳಬೇಕು. ತೀನ್ ಪತ್ತಿಯಲ್ಲಿ ಹೆದರಿಸುವುದಕ್ಕೆ ಬ್ಲಫ್ ಮಾಡುತ್ತೇವೆ. ಇಲ್ಲಿ ಧೈರ್ಯ ತುಂಬುವುದಕ್ಕೂ ಮಾಡಬೇಕು. ನನ್ನನ್ನು ಕೇಳಿದರೆ ಅದೇ ಕಷ್ಟದ್ದು.

ಒಂದು ಸನ್ನಿವೇಶ ನೋಡಿ. ಎದುರಾಳಿ ನೆಲದಲ್ಲಿ 6ರ ಟ್ಯಾಂಕು ಇಳಿಸಿದ್ದಾರೆ. ನಿಮ್ಮ ಹತ್ತಿರ ನೆಲದ 2 ಇದೆ, ಅಂದರೆ ಹೊಂಚುದಾಳಿಯ ಎಲೆ. ಅದನ್ನು ತೆರೆದು ಇಟ್ಟರೆ, ಮೇಲೆ ಬೇರೆ ಎಲೆ ಕೂರದ ಯಾವುದಾದರೂ ಒಂದು ಎಲೆಯನ್ನು ಮಗುಚಬಹುದು. ಟ್ಯಾಂಕನ್ನು ಮಗುಚುತ್ತೀರಿ. 6 ಇದ್ದದ್ದು 2 ಆಯಿತು. ಈಗ ನೆಲದಲ್ಲಿ ಇಬ್ಬರದೂ 2. ಸಮ ಬಂದರೆ ಆ ಸುತ್ತನ್ನು ಶುರು ಮಾಡಿದವರಿಗೆ ರಂಗ ಸೇರುತ್ತದೆ. ಶುರು ಮಾಡಿದ್ದು ನೀವಾದರೆ ನೆಲ ನಿಮ್ಮದು. ಅವರಾದರೆ, ಇಷ್ಟೆಲ್ಲ ಮಾಡಿಯೂ ನೆಲ ಅವರದ್ದೇ! ಅದೂ ಅಲ್ಲದೆ ಟ್ಯಾಂಕು ಎಲ್ಲೂ ಹೋಗಿಲ್ಲ. ಪಕ್ಕದ ರಂಗದಲ್ಲಿ ಅವರು ಒಂದು 3 ಇಳಿಸಿದರೆ ಮತ್ತೆ ಮಗುಚಿ ಎಬ್ಬಿಸಬಹುದು.

ಅವರ ಹತ್ತಿರ ಆ 3 ಇದೆಯಾ? ನಿಮಗೆ ಕಾಣದ ಎಲೆ 12. ಹಂಚಿದಾಗ ಅದರಲ್ಲಿ 6 ಅವರ ಕೈಗೆ, 6 ಪಕ್ಕಕ್ಕೆ ಹೋಗಿವೆ. ಯಾವುದೇ ಒಂದು ಎಲೆ ಅವರಿಗೆ ಬಂದಿರುವುದಕ್ಕೂ ಬಾರದಿರುವುದಕ್ಕೂ ಶುರುವಿನಲ್ಲಿ ಸಮಸಮ ಅವಕಾಶ. ಆಮೇಲೆ ಅವರು ಏನು ಬಿಟ್ಟರು, ಎಲ್ಲಿ ತಡೆದರು ಅನ್ನುವುದರಿಂದಲೇ ಊಹಿಸಬೇಕು.

ಎಲೆಗಳ ಮೇಲಿನ ಬರಹ ಇಂಗ್ಲಿಷಿನಲ್ಲಿದೆ. ಅದಕ್ಕೆ ಹಿಂಜರಿಯಬೇಡಿ. 6ಗಳಿಗೆ ವಿಶೇಷ ಶಕ್ತಿ ಇಲ್ಲ, ಮೂರು 3ಗಳದ್ದೂ ಒಂದೇ ಕೆಲಸ. ಉಳಿಯುವುದು 13 ಸಣ್ಣ ನಿಯಮ. ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದಿಟ್ಟುಕೊಂಡರೆ ಅಜ್ಜಿ, ಮೊಮ್ಮಕ್ಕಳು ಕೂತು ಆಡಬಹುದು.

ನನಗೆ ಎಲ್ಲಕ್ಕಿಂತ ಇಷ್ಟ ಆಕಾಶದ 5. ಅದು ತೆರೆದು ಕೂತಿರುವಷ್ಟು ಹೊತ್ತು ಯಾರೇ ಮುಚ್ಚಿ ಆಡಿದರೂ ಆ ಎಲೆ ಆಟದಿಂದ ಹೊರಗೆ. ಇಟ್ಟವರಿಗೂ ಇದೇ ನಿಯಮ. ಸುಮ್ನೆ ಮೊದಲೇ ಇಡಬೇಡಿ, ಎದುರಾಳಿ 2 ಕೊಟ್ಟು ಎದ್ದಾರು. ಅವರ ಕೈಯಲ್ಲಿ ಎರಡೇ ಎಲೆ ಉಳಿಯುವವರೆಗೆ ಕಾಯಿರಿ. ಆಗ ಏಳುವುದಕ್ಕೇ ಅವರು 3 ಇಲ್ಲವೇ 4 ಕೊಡಬೇಕು.

ನಮಸ್ಕಾರ.